ಕಾಲುಸಂಕಕ್ಕೂ ಜಾಗದ ದಾಖಲೆ ಬೇಕು

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಪಂಚಾಯಿತಿಯೊಂದರಲ್ಲಿ 2025ರ ದೀಪಾವಳಿ ಕಳೆದ ಮೇಲೆ ಸೇರಿದ ಗ್ರಾಮಸಭೆಯಲ್ಲಿ ಅಧ್ಯಕ್ಷೆ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಕೊನೆಕೊಯ್ಲು ಶುರುವಾಗಿದೆ, ಅಂಗಳದಲ್ಲಿ ಅಡಿಕೆ ಬಿದ್ದಿದೆ, ಸುಲಿಯುವವರು ಸಿಗುತ್ತಿಲ್ಲ. ಅದರ ನಡುವೆ ಅರ್ಧ ದಿನ ಬಿಟ್ಟು ಬಂದಿದ್ದೀರಿ. ಆ ಅರ್ಧ ದಿನವನ್ನು ಹಾರ, ಸ್ವಾಗತಗಳಲ್ಲಿ ಕಳೆಯುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಜುಲೈ 14ರಂದು ಸಿಗಂದೂರಿನ ಸೇತುವೆ ಉದ್ಘಾಟನೆಯಾಯಿತು. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಒಂದೇ ಪ್ರಶ್ನೆ. “ಅಷ್ಟು ದೊಡ್ಡ ಹೊಳೆಗೇ ಸೇತುವೆ ಆಯ್ತಲ್ಲ ಅಕ್ಕಾ, ನಮ್ಮನೆ ಮುಂದಿನ ಹಳ್ಳಕ್ಕೆ ನಡೆದು ದಾಟೋ ಒಂದು ಸಂಕ ಯಾಕೆ ಆಗಲ್ಲ?” ನ್ಯಾಯವಾದ ಪ್ರಶ್ನೆ. ಇವತ್ತು ನಾನು ಆಡುವ ಮಾತಿನ ಬಹುಪಾಲು ಈ ಪ್ರಶ್ನೆಗೆ ಉತ್ತರ.

ಆ ಸೇತುವೆಯ ಬಗ್ಗೆ ಮೊದಲು ಎರಡು ಮಾತು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಹೊಳೆಯಾಚೆಯವರ ಬದುಕು ಲಾಂಚಿನ ವೇಳೆಗೆ ಕಟ್ಟುಬಿತ್ತು. ಸಂಜೆಯ ಕೊನೇ ಲಾಂಚು ತಪ್ಪಿದರೆ ಬೆಳಗಿನವರೆಗೆ ದಾರಿಯಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಸುತ್ತು ಹಾಕಿಕೊಂಡು ಹೋಗುವಷ್ಟರಲ್ಲಿ ಏನಾಗುತ್ತಿತ್ತು ಎಂದು ಇಲ್ಲಿ ಕೂತಿರುವ ಅಮ್ಮಂದಿರಿಗೆ ನಾನು ಹೇಳಬೇಕಾಗಿಲ್ಲ. 2018ರಲ್ಲಿ ಶಂಕುಸ್ಥಾಪನೆ ಆಗಿ, ಈ ವರ್ಷ 2.44 ಕಿ.ಮೀ. ಉದ್ದದ ಸೇತುವೆ ಓಡಾಟಕ್ಕೆ ಸಿಕ್ಕಿತು. ಅದಕ್ಕಾಗಿ ಪಕ್ಷ ನೋಡದೆ ಮನವಿ ಹಿಡಿದು ಓಡಾಡಿದ ಹಿರಿಯರಲ್ಲಿ ಎಷ್ಟೋ ಮಂದಿ ಅದರ ಮೇಲೆ ನಡೆಯಲು ಉಳಿಯಲಿಲ್ಲ. ಅವರನ್ನು ನೆನೆಯುವುದು ನಮ್ಮ ಕರ್ತವ್ಯ.

ಈಗ ನಮ್ಮ ಸಂಕಗಳಿಗೆ ಬರೋಣ. ಶಾಲೆ ಹಳ್ಳದ ಕಾಲುಸಂಕ ಮುಗಿದಿದೆ. ಕಳೆದ ಮಳೆಗಾಲದಲ್ಲಿ ಮಕ್ಕಳು ಒಂದು ದಿನವೂ ರಜೆ ಹಾಕದೆ ಅದರ ಮೇಲೆ ದಾಟಿದರು. ಮೇಲಿನಕೇರಿ ಹಳ್ಳದ್ದು ಆಗಿಲ್ಲ. ಅಲ್ಲಿ ಇವತ್ತಿಗೂ ಅಡಿಕೆ ಮರದ ಸಾರ, ಅಂದರೆ ದಬ್ಬೆ ಹಾಸಿದ ತಾತ್ಕಾಲಿಕ ಸಂಕ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕೇರಿಯ ಗಂಡಸರೆಲ್ಲ ಸೇರಿ ಮರ ಕಡಿದು, ದಬ್ಬೆ ಜೋಡಿಸಿ, ಬಳ್ಳಿಯಿಂದ ಬಿಗಿದು ಕಟ್ಟುತ್ತಾರೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಹಳ್ಳ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಕಟ್ಟುತ್ತಾರೆ. ಪಾಚಿ ಹಿಡಿದ ದಬ್ಬೆಯ ಮೇಲೆ, ಕೊಡೆ ಹಿಡಿದುಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ಏಳೆಂಟು ವರ್ಷದ ಮಗು ದಾಟುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೈ ಹಿಡಿಯಲು ಒಂದು ಬಿದಿರಿನ ಗಳ ಬಿಟ್ಟರೆ ಮತ್ತೇನಿಲ್ಲ.

ಎರಡೂ ಹಳ್ಳಗಳ ಅಗಲ ಹೆಚ್ಚುಕಡಿಮೆ ಒಂದೇ. ಅಂದಾಜು ಪಟ್ಟಿಯೂ ಒಟ್ಟಿಗೇ ಆಗಿತ್ತು. ಮಳೆಗಾಲದಲ್ಲಿ ಬುಡ ಕಿತ್ತ ಮರಗಳು ನೀರಿನ ಜೊತೆ ಬಂದು ಬಡಿಯುತ್ತವೆ, ಹಾಗಾಗಿ ನಡುವೆ ಕಂಬ ಬೇಡ, ಒಂದೇ ಹಾಸು ಇರಲಿ, ಹಳ್ಳ ಉಕ್ಕಿದಾಗ ನೀರು ನಿಂತ ಗುರುತಿಗಿಂತ ಮೇಲಿರಲಿ ಎಂದು ನಾವೇ ಎಂಜಿನಿಯರಿಗೆ ಹೇಳಿದ್ದೆವು. ಹಾಗಿದ್ದೂ ಒಂದು ಆಯಿತು, ಇನ್ನೊಂದು ಆಗಲಿಲ್ಲ. ಶಾಲೆ ಹಳ್ಳದ ಎರಡೂ ದಡ ಕಂದಾಯ ಭೂಮಿ. ಮೇಲಿನಕೇರಿ ಹಳ್ಳದ ಎರಡೂ ದಡ ದಾಖಲೆಯಲ್ಲಿ ಅರಣ್ಯ. ವ್ಯತ್ಯಾಸ ಇಷ್ಟೇ. ಹಣ ಇತ್ತು, ಕೆಲಸ ಮಾಡುವವರೂ ಇದ್ದರು, ಫೈಲು ಮಾತ್ರ ಜಾಗದ ಪ್ರಶ್ನೆಗೆ ಬಂದು ನಿಂತಿತು.

ಸಂಕದ ಕಥೆ ಒಂದೇ ಅಲ್ಲ. ಅಂಗನವಾಡಿ ಕಟ್ಟಡ, ನೀರಿನ ಟ್ಯಾಂಕು, ಕರೆಂಟಿನ ಕಂಬ, ಸ್ಮಶಾನದ ದಾರಿ, ಯಾವುದನ್ನು ಕೈಗೆತ್ತಿಕೊಂಡರೂ ಮೂರನೇ ಹೆಜ್ಜೆಗೆ ಇದೇ ಪ್ರಶ್ನೆ ಎದುರಾಗುತ್ತದೆ: ಜಾಗ ಯಾರದ್ದು?

ಇದು ಹೇಗೆ ಬಂತು ಎನ್ನುವುದನ್ನು ನಮ್ಮ ಹುಡುಗರು ತಿಳಿದಿರಬೇಕು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ನಮ್ಮದು. ಗೇಣಿ ರೈತರ ಆ ಹೋರಾಟ ದೇಶದ ಗಮನ ಸೆಳೆಯಿತು, 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಉಳುವವನಿಗೆ ನೆಲ ಸಿಕ್ಕಿತು. ಆದರೆ ಇದೇ ಕಾಲದಲ್ಲಿ ಶರಾವತಿಯ ನೀರು ಏರಿ ಮುಳುಗಡೆಯಾದವರನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿಗೆ ಕೊಟ್ಟು ಬಂದವರು ಅವರು. ರಾಜ್ಯಕ್ಕೆಲ್ಲ ಬೆಳಕು ಬರಲೆಂದು ಕೊಟ್ಟು ಬಂದರು. ಇಳಿಸಿದ ಜಾಗದಲ್ಲಿ ಗುಡಿಸಲು ಹಾಕಿದರು, ಕಲ್ಲು ಕಿತ್ತರು, ಗದ್ದೆ ಮಾಡಿದರು. ಆ ಜಾಗದ ಅರಣ್ಯ ಎಂಬ ಹೆಸರು ಮಾತ್ರ ದಾಖಲೆಯಿಂದ ಹೋಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡಲು ಕೇಂದ್ರದ ಪೂರ್ವಾನುಮತಿ ಬೇಕಾಯಿತು. ರಾಜ್ಯ ಸರ್ಕಾರ ಮುಳುಗಡೆ ಸಂತ್ರಸ್ತರಿಗಾಗಿ ಡಿನೋಟಿಫಿಕೇಶನ್ ಮಾಡಿದ್ದೂ, ಅಂದರೆ ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟದ್ದೂ ಆಯಿತು, ಆ ಪೂರ್ವಾನುಮತಿ ಇಲ್ಲವೆಂದು ಹೈಕೋರ್ಟ್ 2021ರಲ್ಲಿ ಅದನ್ನು ರದ್ದು ಮಾಡಿದ್ದೂ ಆಯಿತು. ಮೊಮ್ಮಕ್ಕಳ ಕಾಲ ಬಂದಿದೆ. ಹಕ್ಕುಪತ್ರ ಬಂದಿಲ್ಲ. ನನ್ನ ಮಟ್ಟಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಅದನ್ನು ಸರಿಪಡಿಸುವ ಅಧಿಕಾರ ದೆಹಲಿಯಲ್ಲಿದೆ, ಬೆಂಗಳೂರಿನಲ್ಲಿದೆ. ಪಂಚಾಯಿತಿ ನಿರ್ಣಯ ಮಾಡಿ ಕಳಿಸಬಹುದು. ಕಳಿಸಿದ್ದೇವೆ, ಕಳಿಸುತ್ತಲೇ ಇರುತ್ತೇವೆ.

ಹಾಗಾದರೆ ಅಲ್ಲಿಯವರೆಗೆ ಮಗು ಸಾರದ ಮೇಲೇ ದಾಟಬೇಕೇ? ಬೇಡ. ದಾರಿ ಇದೆ. ಇವತ್ತು ನಿಮ್ಮನ್ನು ಕರೆದದ್ದೇ ಅದನ್ನು ಹೇಳುವುದಕ್ಕೆ.

2006ರ ಅರಣ್ಯ ಹಕ್ಕು ಕಾಯ್ದೆ ಎಂದ ಕೂಡಲೆ ನಮಗೆಲ್ಲ ನೆನಪಾಗುವುದು ಸಾಗುವಳಿ ಜಾಗದ ಅರ್ಜಿ. ಅದೇ ಕಾಯ್ದೆಯಲ್ಲಿ ಮೂರನೇ ಕಲಮು, ಎರಡನೇ ಉಪಕಲಮು ಅಂತ ಒಂದಿದೆ. ಅದು ವ್ಯಕ್ತಿಗಲ್ಲ, ಊರಿಗೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕದ ಲೈನು, ಕೆರೆ, ಕುಡಿಯುವ ನೀರು ಮತ್ತು ಅದರ ಪೈಪು, ಮಳೆನೀರು ಹಿಡಿಯುವ ಕಟ್ಟಡ, ಸಣ್ಣ ಕಾಲುವೆ, ರಸ್ತೆ, ಸಮುದಾಯ ಭವನ, ಹೀಗೆ ಹದಿಮೂರು ಬಗೆಯ ಸೌಕರ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು ಎನ್ನುತ್ತದೆ ಅದು. 1980ರ ಕಾಯ್ದೆಯಲ್ಲಿ ಏನೇ ಇದ್ದರೂ ಕೊಡಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ಷರತ್ತು ಮೂರು: ಒಂದೊಂದು ಕೆಲಸಕ್ಕೆ ಬೇಕಾಗುವ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು.

ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ನಾಲ್ಕು ಮೀಟರ್ ಅಗಲದ ರಸ್ತೆಯಾದರೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ಉದ್ದದ್ದು ಅದರೊಳಗೆ ಕೂರುತ್ತದೆ. ನಮ್ಮ ಕೇರಿಗಳ ಎಷ್ಟೋ ಕೂಡುರಸ್ತೆಗಳು ಅಷ್ಟು ಉದ್ದವೂ ಇಲ್ಲ. ಕಾಲುಸಂಕಕ್ಕಂತೂ ಅರ್ಧ ಗುಂಟೆ ಸಾಕು. ಮರ ಕಡಿಯುವ ಪ್ರಶ್ನೆಯೇ ಬರುವುದಿಲ್ಲ.

ಕೆಲಸ ಹೀಗೆ ಸಾಗುತ್ತದೆ. ಗ್ರಾಮಸಭೆಯ ನಿರ್ಣಯದೊಂದಿಗೆ, ಕೆಲಸ ಮಾಡುವ ಇಲಾಖೆ ಅಥವಾ ಪಂಚಾಯಿತಿ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಬೇಕು. ಅವರು ಸ್ಥಳ ನೋಡಿ ವರದಿ ಕೊಡುತ್ತಾರೆ. ಒಪ್ಪಿಗೆ ಕೊಡುವ ಅಧಿಕಾರ ವಿಭಾಗದ ಅರಣ್ಯಾಧಿಕಾರಿ, ಅಂದರೆ ಡಿಎಫ್‌ಒ ಅವರಿಗೇ ಇದೆ, ದೆಹಲಿಗೆ ಹೋಗಬೇಕಾಗಿಲ್ಲ. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯ ಮುಂದೆ ಹೋಗುತ್ತದೆ. ಅಭಯಾರಣ್ಯದ ಗಡಿಯೊಳಗಿನ ಊರುಗಳಿಗೆ ವನ್ಯಜೀವಿ ಕಾನೂನೂ ಸೇರಿಕೊಂಡು ದಾರಿ ಉದ್ದವಾಗುತ್ತದೆ. ಮೇಲಿನಕೇರಿಗೆ ಆ ತೊಡಕಿಲ್ಲ.

ತೊಡಕು ಇರುವುದು ಒಂದೇ ಕಡೆ, ಅದು ನಮ್ಮ ಕೈಯಲ್ಲೇ ಇದೆ. ಈ ಕಾಯ್ದೆ ಹೇಳುವ ಗ್ರಾಮಸಭೆ ನಾವು ಇವತ್ತು ಪಂಚಾಯಿತಿ ಮಟ್ಟದಲ್ಲಿ ಸೇರಿರುವ ಸಭೆಯಲ್ಲ. ಆಯಾ ಊರಿನ ವಯಸ್ಕರೆಲ್ಲರ ಸಭೆ. ಅದರಲ್ಲಿ ಅರ್ಧದಷ್ಟು ಮಂದಿಯಾದರೂ ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಮೇಲಿನಕೇರಿಯಲ್ಲಿ ಸಭೆ ಕರೆದಾಗ ಮನೆಗೊಬ್ಬರು ಗಂಡಸರು ಬಂದರು. “ಹೆಂಗಸರು ಯಾಕೆ ಬಂದಿಲ್ಲ?” ಎಂದರೆ “ನಾನು ಬಂದೀನಲ್ಲ ಅಕ್ಕ, ಸಾಲದಾ?” ಎಂದರು. ಸಾಲದು. ಕೋರಂ ಇಲ್ಲದ ನಿರ್ಣಯಕ್ಕೆ ಬೆಲೆಯಿಲ್ಲ. ಕಳಿಸಿದರೆ ಮೇಲಿನ ಕಚೇರಿಯಿಂದ ವಾಪಸ್ ಬರುತ್ತದೆ, ಬಂದರೆ ಇನ್ನೊಂದು ಮಳೆಗಾಲ ಹೋಗುತ್ತದೆ. ಅಮ್ಮಂದಿರೇ, ಹಳ್ಳ ಉಕ್ಕಿದ ದಿನ ಮಗು ಬರುವ ದಾರಿ ನೋಡುತ್ತ ಆ ದಡದಲ್ಲಿ ನಿಲ್ಲುವವರು ನೀವು. ಸಭೆಗೂ ನೀವೇ ಬರಬೇಕು.

ಸಾಗುವಳಿ ಜಾಗದ ಅರ್ಜಿಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಊರು ತುಂಬ ತಪ್ಪು ಮಾತು ಹರಿದಾಡುತ್ತಿದೆ. ಪರಿಶಿಷ್ಟ ಪಂಗಡದವರಲ್ಲದ ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನು ಆಶ್ರಯಿಸಿದ್ದನ್ನು ತೋರಿಸಬೇಕು. ಅದೇ ತುಂಡು ನೆಲವನ್ನು 75 ವರ್ಷ ಉತ್ತಿರಬೇಕೆಂದಲ್ಲ. ನೆಲೆಸಿದ್ದಕ್ಕೆ 75 ವರ್ಷ, ಸಾಗುವಳಿ 2005ರ ಆ ದಿನಾಂಕಕ್ಕೆ ಮೊದಲಿನದ್ದಾಗಿರಬೇಕು. ಈ ಎರಡನ್ನೂ ಕಲಸಿಬಿಟ್ಟು ಎಷ್ಟೋ ಮಂದಿ ಅರ್ಜಿಯನ್ನೇ ಕೊಟ್ಟಿಲ್ಲ.

ಸಾಕ್ಷ್ಯ ಅಂದರೆ ಬರೀ ಸರ್ಕಾರಿ ಕಾಗದ ಅಂತಲೂ ತಿಳಿಯಬೇಡಿ. ಹಳೇ ಬಾವಿ, ಮನೆಯ ತಳಪಾಯ, ಕಟ್ಟೆ ಒಡ್ಡು, ಸ್ಮಶಾನ, ಭೂತದ ಬನ, ಚೌಡಿಯ ಕಲ್ಲು, ಇವೆಲ್ಲ ಸಾಕ್ಷ್ಯವೇ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು, ಇಂಥದ್ದೇ ದಾಖಲೆ ತನ್ನಿ ಎಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು ನಿಯಮದಲ್ಲಿದೆ. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅವರ ಹೇಳಿಕೆಯನ್ನು ಈ ಬೇಸಿಗೆಯೊಳಗೆ ಬರೆಸಿಕೊಳ್ಳಬೇಕು. ಇದು ಮುಂದೂಡುವ ಕೆಲಸವಲ್ಲ.

ಅರ್ಜಿ ತಿರಸ್ಕಾರವಾದರೆ ಮುಗಿಯಿತು ಎಂದು ಕೂರಬೇಡಿ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅದರ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಇನ್ನೊಂದು ಮಾತು. ಹಕ್ಕುಪತ್ರ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅರ್ಜಿ ನಮೂನೆ ಪಂಚಾಯಿತಿಯಲ್ಲಿ ಸಿಗುತ್ತದೆ, ಬರೆಯಲು ಬಾರದವರಿಗೆ ನಾವೇ ಕೂತು ಬರೆದುಕೊಡುತ್ತೇವೆ.

ನೀರಿನ ವಿಷಯ. ಜಲಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಮನೆಮನೆಗೆ ನಲ್ಲಿ. ನಮ್ಮಲ್ಲಿ ನಲ್ಲಿ ಬಂದಿವೆ. ಕೆಳಗಿನಕೇರಿಗೆ ನೀರೂ ಬರುತ್ತಿದೆ. ಮೇಲಿನಕೇರಿಯ ನಲ್ಲಿಗಳಲ್ಲಿ ಫೆಬ್ರವರಿ ಕಳೆದ ಮೇಲೆ ನೀರು ಬರುವುದಿಲ್ಲ, ಏಕೆಂದರೆ ಕೊರೆಸಿದ ಕೊಳವೆಬಾವಿ ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಇಲ್ಲಿಗೆ ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮಲ್ಲೂ ಮಳೆಗೇನೂ ಕೊರತೆಯಿಲ್ಲ. ಆದರೆ ಈ ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ, ಹೊಳೆ ಸೇರಿಬಿಡುತ್ತದೆ. ಕೆಳಗಿನ ಗಟ್ಟಿ ಬಂಡೆಯಲ್ಲಿ ಸೀಳು ಸಿಕ್ಕಿದರೆ ಮಾತ್ರ ಕೊಳವೆಬಾವಿಗೆ ನೀರು. ಎಷ್ಟು ಆಳಕ್ಕೆ ಹೋದರೂ ಅದೇ.

ಆದ್ದರಿಂದ ಮೇಲಿನಕೇರಿಗೆ ಇನ್ನೊಂದು ಬೋರು ಕೊರೆಸಿ ಎಂಬ ಬೇಡಿಕೆಗೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಹಿರಿಯರು ಗುಡ್ಡದ ಒರತೆಯಿಂದ ಅಡಿಕೆ ಮರ ಕೊರೆದ ದಂಬೆ ಹಾಕಿ ಅಬ್ಬಿ ನೀರು ತಂದರು. ಪಂಪಿಲ್ಲ, ಕರೆಂಟಿಲ್ಲ, ಹಗಲೂ ರಾತ್ರಿ ಬರುತ್ತಿತ್ತು. ಆ ಒರತೆಗಳು ಬತ್ತಿದ್ದು ಮೇಲಿನ ಸೊಪ್ಪಿನಬೆಟ್ಟ, ತೋಟಕ್ಕೆ ಸೊಪ್ಪು ತರುವ ಕಾಡು, ಬೋಳಾದ ಮೇಲೆ. ಒರತೆಯ ಮೇಲ್ಭಾಗದಲ್ಲಿ ಇಂಗುಗುಂಡಿ, ಅಡ್ಡಗಾಲುವೆ ತೋಡಿ, ಒರತೆಯ ಬಾಯಿಗೆ ಮುಚ್ಚಿಗೆಯ ತೊಟ್ಟಿ ಕಟ್ಟಿ, ಅಲ್ಲಿಂದ ಪೈಪಿನಲ್ಲಿ ಈಗಿರುವ ಟ್ಯಾಂಕಿಗೆ ಕೂಡಿಸುವ ಯೋಜನೆ ಮಾಡಿದ್ದೇವೆ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಹಾಕಿದ ಹಣ, ಬೇರೆಯದಕ್ಕೆ ಮುಟ್ಟುವಂತಿಲ್ಲ. ಆ ಆಯೋಗದ ಅವಧಿ ಬರುವ 2026ರ ಮಾರ್ಚಿಗೆ ಮುಗಿಯುತ್ತದೆ. ಅಷ್ಟರೊಳಗೆ ಈ ಕೆಲಸ ನೆಲಕ್ಕೆ ಇಳಿಯಬೇಕು.

55 ಲೀಟರ್ ಲೆಕ್ಕ ಮನುಷ್ಯರಿಗೆ ಮಾತ್ರ, ಕೊಟ್ಟಿಗೆಯ ದನಕರುಗಳಿಗೆ ಅದರಲ್ಲಿ ಪಾಲಿಲ್ಲ. ನಲ್ಲಿ ಬಂತೆಂದು ಅಂಗಳದ ಬಾವಿ ಮುಚ್ಚಬೇಡಿ. ಈಗಾಗಲೇ ಕೆಲವರು ಬಾವಿಗೆ ಕಸ ತುಂಬಿದ್ದಾರೆ, ನೋಡಿ ಬೇಸರವಾಯಿತು. ನೀರಿನ ಗುಣಮಟ್ಟ ಪರೀಕ್ಷಿಸಲು ಊರಿಗೆ ಐವರು ಹೆಂಗಸರಿಗೆ ಕಿಟ್ ಕೊಟ್ಟು ತರಬೇತಿ ಕೊಡುವ ವ್ಯವಸ್ಥೆ ಇದೆ. ಸ್ವಸಹಾಯ ಸಂಘದವರು ಮುಂದೆ ಬಂದರೆ ಹೆಸರು ಬರೆದುಕೊಳ್ಳುತ್ತೇನೆ. ಕಸದ ಗಾಡಿ ವಾರಕ್ಕೆರಡು ಸಲ ಬರುತ್ತಿದೆ, ಅದನ್ನು ಓಡಿಸುವವರೂ ಸಂಘದ ಹೆಣ್ಣುಮಕ್ಕಳೇ. ಅವರಿಗೆ ಗೌರವ ಕೊಟ್ಟು ಮಾತಾಡಿ, ಇಷ್ಟೇ ಸಾಕು.

ಇನ್ನು ರಸ್ತೆ. ಮಲೆನಾಡಿನಲ್ಲಿ ರಸ್ತೆ ಕೆಡುವುದು ಗಾಡಿಯ ಭಾರಕ್ಕಿಂತ ಹೆಚ್ಚಾಗಿ ನೀರಿನಿಂದ. ಡಾಂಬರಿನ ಕೆಳಗೆ ನೀರು ಹೊಕ್ಕರೆ ಜಲ್ಲಿಗೂ ಡಾಂಬರಿಗೂ ಇರುವ ಹಿಡಿತ ಬಿಡುತ್ತದೆ. ಮೊದಲ ಮಳೆಗೆ ಬಿರುಕು, ಎರಡನೆಯದಕ್ಕೆ ಗುಂಡಿ, ಮೂರನೆಯದಕ್ಕೆ ರಸ್ತೆಯೇ ಇಲ್ಲ. ಪಕ್ಕದ ಚರಂಡಿ ಹರಿದರೆ ಹಳೇ ರಸ್ತೆಯೂ ಉಳಿಯುತ್ತದೆ. ಚರಂಡಿ ಕಟ್ಟಿಕೊಂಡರೆ ಹೊಸ ರಸ್ತೆಯೂ ಉಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ದೇವಸ್ಥಾನದವರೆಗೆ ನಡೆದು ನೋಡಿ. ಪ್ರತಿ ಮನೆಯವರೂ ಗೇಟಿಗೆ ಗಾಡಿ ಹೋಗಲೆಂದು ಚರಂಡಿಗೆ ಮಣ್ಣು ತುಂಬಿದ್ದಾರೆ. ಅಡಿಯಲ್ಲಿ ಒಂದು ಪೈಪನ್ನೂ ಹಾಕಿಲ್ಲ. ಮೇಲಿಂದ ಬಂದ ನೀರು ರಸ್ತೆಗೇ ನುಗ್ಗುತ್ತದೆ. ಇದನ್ನು ಇನ್ನು ಸಹಿಸುವುದಿಲ್ಲ. ಯುಗಾದಿಯೊಳಗೆ ಎಲ್ಲರೂ ಮಣ್ಣು ತೆಗೆದು ಪೈಪು ಹಾಕಬೇಕು, ಇಲ್ಲದಿದ್ದರೆ ಪಂಚಾಯಿತಿ ತೆಗೆಸಿ ಖರ್ಚನ್ನು ನಿಮ್ಮ ಲೆಕ್ಕಕ್ಕೆ ಬರೆಯುತ್ತದೆ. ಇದರಲ್ಲಿ ನಮ್ಮವರು, ಬೇರೆಯವರು ಅಂತಿಲ್ಲ.

ಕೆಲಸದ ಕಾಲದ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ, ಮೇಲಿನ ಸಭೆಗಳಲ್ಲೂ ಹೇಳಿದ್ದೇನೆ. ಸರ್ಕಾರದ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ನಮ್ಮ ಕೆಲಸದ ವರ್ಷ ದೀಪಾವಳಿಯಿಂದ ಮೇ ತಿಂಗಳಿಗೆ. ಕ್ರಿಯಾಯೋಜನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು ಇವೆಲ್ಲ ಮುಗಿದು ಕಾಮಗಾರಿ ಆದೇಶ ಕೈಗೆ ಬರುವಾಗ ಫೆಬ್ರವರಿ, ಮಾರ್ಚ್. ಆಮೇಲೆ ಉಳಿಯುವುದು ಎರಡು ತಿಂಗಳು. ಮುಂಗಾರು ಪೂರ್ವ ಮಳೆ ಬಂದರೆ ಅದೂ ಇಲ್ಲ. ಅವಸರದಲ್ಲಿ ಹಾಕಿದ ಕಾಂಕ್ರೀಟಿಗೆ ಕ್ಯೂರಿಂಗ್ ಆಗುವಷ್ಟು ದಿನ ಸಿಗುವುದಿಲ್ಲ. ಬಯಲುಸೀಮೆಯ ಕ್ಯಾಲೆಂಡರನ್ನು ಮಲೆನಾಡಿಗೆ ಹೇರಬಾರದು. ಮಳೆಗಾಲದ ನಾಲ್ಕು ತಿಂಗಳಲ್ಲೇ ಕಾಗದದ ಕೆಲಸ ಪೂರ್ತಿ ಮುಗಿದು, ಅಕ್ಟೋಬರ್ ಕೊನೆಗೆ ಆದೇಶ ಕೈಯಲ್ಲಿರಬೇಕು. ನಮ್ಮ ಪಂಚಾಯಿತಿಯ ಕೈಯಲ್ಲಿರುವ ಕೆಲಸಗಳಲ್ಲಿ ಈ ವರ್ಷ ಹಾಗೆಯೇ ಮಾಡಿದ್ದೇವೆ. ಶಾಲೆ ಹಳ್ಳದ ಸಂಕದ ಆಚೆಯ ಕಾಂಕ್ರೀಟ್ ರಸ್ತೆ ಈಗಲೇ ಶುರುವಾಗಿರುವುದು ಅದೇ ಕಾರಣಕ್ಕೆ.

ಉದ್ಯೋಗ ಖಾತ್ರಿಯ ಬಗ್ಗೆ ಕೇಳುತ್ತೀರಿ. ಕೂಲಿ ಈ ಸಾಲಿನಲ್ಲಿ, ಅಂದರೆ 2025-26ರಲ್ಲಿ, ದಿನಕ್ಕೆ 370 ರೂಪಾಯಿ. ಅಡಿಕೆ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಸಿಗುತ್ತದೆ, ಹಾಗಾಗಿ ಯಾರೂ ಬರುವುದಿಲ್ಲ ಎನ್ನುವುದು ಗೊತ್ತು. ಆದರೂ ಒಂದು ಲೆಕ್ಕ ತಿಳಿದಿರಲಿ. ಈ ಯೋಜನೆಯಲ್ಲಿ ಕೂಲಿಗೆ 60 ಭಾಗ, ಸಾಮಗ್ರಿಗೆ 40 ಭಾಗ. ಕಾಲುಸಂಕದಲ್ಲಿ ಸಿಮೆಂಟು, ಕಬ್ಬಿಣದ ಖರ್ಚೇ ಜಾಸ್ತಿ. ಇಂಗುಗುಂಡಿ, ಬಸಿಗಾಲುವೆ, ತೋಟದ ಒಡ್ಡಿನ ಕೆಲಸದಲ್ಲಿ ಕೂಲಿಯೇ ಎಲ್ಲ. ಅಂಥ ಕೆಲಸ ಹೆಚ್ಚು ಆದಷ್ಟೂ ಸಂಕಕ್ಕೆ, ಮೋರಿಗೆ ಸಾಮಗ್ರಿ ಹಣ ಹುಟ್ಟುತ್ತದೆ. ನಿಮ್ಮ ತೋಟದ ಬಸಿಗಾಲುವೆಯನ್ನು ಜಾಬ್‌ಕಾರ್ಡಿನಲ್ಲಿ ಮಾಡಿಸಿಕೊಂಡರೆ ಮೇಲಿನಕೇರಿಯ ಮಗುವಿಗೆ ಸಂಕ ಹತ್ತಿರವಾಗುತ್ತದೆ.

ಇದನ್ನೆಲ್ಲ ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ ಹೇಳಲು ನಮ್ಮವರು ಯಾರಿದ್ದಾರೆ ಎಂದು ಕೇಳಿದಿರಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಂದಿನಿಂದ ಆ ಎರಡೂ ಕಡೆ ಜನ ಆರಿಸಿದ ಒಬ್ಬ ಸದಸ್ಯನೂ ಇಲ್ಲ, ಆಡಳಿತಾಧಿಕಾರಿಗಳಿದ್ದಾರೆ. ಅಧಿಕಾರಿಗಳಲ್ಲಿ ಒಳ್ಳೆಯವರಿದ್ದಾರೆ, ನಮ್ಮ ಕೆಲಸಕ್ಕೆ ನೆರವಾದವರೂ ಇದ್ದಾರೆ. ಆದರೆ ಮಳೆಗಾಲದ ರಾತ್ರಿ ಫೋನು ಮಾಡಿ “ಗುಡ್ಡ ಕುಸಿದಿದೆ ಸ್ವಾಮಿ, ಬನ್ನಿ” ಎಂದು ಹಕ್ಕಿನಿಂದ ಹೇಳಲು ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಬೇಕು. ಯಾವ ಪಕ್ಷದ ಸರ್ಕಾರವಾದರೂ ಸರಿ, ಚುನಾವಣೆಯನ್ನು ಇಷ್ಟು ವರ್ಷ ತಳ್ಳಿದ್ದು ಹಳ್ಳಿಗೆ ಮಾಡಿದ ಅನ್ಯಾಯ.

ಮಂಗನ ಕಾಯಿಲೆಯ ಕಾಲ ಹತ್ತಿರ ಬಂದಿದೆ. ಡಿಸೆಂಬರಿನಿಂದ ಮೇ ತನಕ ಎಚ್ಚರವಾಗಿರಬೇಕು. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ರೋಗ ಇದು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತು ಎನ್ನುವುದನ್ನು ಮರೆತಿಲ್ಲ ತಾನೆ? ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ, ಹೊಸದು ಇನ್ನೂ ನಮ್ಮ ಕೈಗೆ ಬಂದಿಲ್ಲ. ಉಳಿದಿರುವುದು ಈ ರೋಗ ಹರಡುವ ಉಣ್ಣೆ ಹುಳು ಕಚ್ಚದಂತೆ ನೋಡಿಕೊಳ್ಳುವುದೊಂದೇ. ಸೊಪ್ಪು, ದರಗು (ಒಣ ಎಲೆ), ಸೌದೆಗೆ ಹೋಗುವವರು ಮೈಗೆ ಉಣ್ಣೆ ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೆ ಬಿಸಿನೀರಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಣ್ಣೆ ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತದೆ. ಕಾಡಿನಲ್ಲೋ ತೋಟದಲ್ಲೋ ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಹೂಳಲೂ ಬೇಡಿ. ಆ ಕ್ಷಣವೇ ಪಂಚಾಯಿತಿಗೋ ಆಸ್ಪತ್ರೆಗೋ ತಿಳಿಸಿ. ಸತ್ತ ಮಂಗನ ಮೈಮೇಲಿದ್ದ ಉಣ್ಣೆಗಳು ಸುತ್ತ ಹರಡಿರುತ್ತವೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ದರಗು ಗುಡಿಸಲು ಹೋಗುವವರು ಹೆಚ್ಚಾಗಿ ಕೂಲಿ ಮನೆಯ ಹೆಂಗಸರು. ತೋಟದ ಯಜಮಾನರೇ, ಅವರ ಕೈಗೆ ಎಣ್ಣೆ ಕೊಡದೆ ಕಾಡಿಗೆ ಕಳಿಸಬೇಡಿ.

ನೆಟ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಟವರು ನಿಂತಿದೆ, ಕರೆಂಟು ಹೋದರೆ ಅದೂ ಹೋಗುತ್ತದೆ. ಉದ್ಯೋಗ ಖಾತ್ರಿಯ ಹಾಜರಿ ಫೋಟೊ ಕಳಿಸಲು ನಮ್ಮ ಕಾಯಕ ಬಂಧುಗಳು ಗುಡ್ಡ ಹತ್ತುತ್ತಿದ್ದಾರೆ. ಬ್ಯಾಟರಿ ಬದಲಿಸಲು ಬರೆದಿದ್ದೇವೆ, ಉತ್ತರ ಬಂದ ದಿನ ನೋಟಿಸ್ ಬೋರ್ಡಿಗೆ ಹಾಕುತ್ತೇನೆ.

ಹಿಂದಿನ ಸಾಲಿನಿಂದ ಅಜ್ಜ ಒಬ್ಬರು ಚೀಟಿ ಕಳಿಸಿದ್ದಾರೆ: “ಕಸ್ತೂರಿರಂಗನ್ ವರದಿ ಬಂದರೆ ನಮ್ಮನ್ನು ಎಬ್ಬಿಸುತ್ತಾರಾ ಮಗಳೇ?” ಅಜ್ಜಾ, ಇದನ್ನು ಸಭೆಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಪಶ್ಚಿಮ ಘಟ್ಟದ ರಕ್ಷಣೆಯ ಆ ವರದಿಯನ್ನು ಆಧರಿಸಿ 2024ರ ಜುಲೈ 31ರಂದು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶ ಪರಿಸರ ಸೂಕ್ಷ್ಮ ಎಂದು ಸೇರಿದೆ, ನಮ್ಮ ಜಿಲ್ಲೆಯ ಹಳ್ಳಿಗಳೂ ಅದರಲ್ಲಿವೆ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಕರಡಿನಲ್ಲಿ ನಿಷೇಧ ಇರುವುದು ಗಣಿಗೆ, ಕಲ್ಲು ಕ್ವಾರಿಗೆ, ಮರಳು ತೆಗೆಯುವುದಕ್ಕೆ, ಉಷ್ಣ ವಿದ್ಯುತ್ ಸ್ಥಾವರಕ್ಕೆ, ಕೆಂಪು ವರ್ಗದ ಕಾರ್ಖಾನೆಗೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ. ಊರು ಎಬ್ಬಿಸುವ ಮಾತು ಅದರಲ್ಲಿಲ್ಲ. ಅಡಿಕೆ ತೋಟ ಮಾಡಬಾರದು ಎಂದೂ ಇಲ್ಲ. ಹಾಗಂತ ನಿಮ್ಮ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಒಮ್ಮೆ ಎಬ್ಬಿಸಿಕೊಂಡ ಜನ ನಾವು. ಕೈಯಲ್ಲಿ ಹಕ್ಕುಪತ್ರ ಇಲ್ಲದವನಿಗೆ ಯಾವ ಅಧಿಸೂಚನೆ ಬಂದರೂ ಭಯವೇ. ಹಕ್ಕುಪತ್ರ ಮೊದಲು ಕೊಡಿ, ಆಮೇಲೆ ಕಾಡು ಉಳಿಸುವ ಮಾತನ್ನು ನಮ್ಮ ಜೊತೆ ಕೂತು ಆಡಿ ಎನ್ನುವುದು ನನ್ನ ನಿಲುವು. ಕಾಡು ಬೇಡ ಎಂದು ನಮ್ಮಲ್ಲಿ ಯಾರೂ ಹೇಳಿಲ್ಲ, ಒರತೆ ಬತ್ತಿದ ಕಷ್ಟ ತಿಂದವರು ನಾವು.

ನಮ್ಮ ಐದು ವರ್ಷದ ಅವಧಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಮುಂದೆ ಈ ಕುರ್ಚಿಯಲ್ಲಿ ಯಾರೇ ಕೂತರೂ ಸಂಕದ ಫೈಲು ಅರ್ಧಕ್ಕೆ ನಿಲ್ಲಬಾರದು. ಅದಕ್ಕೆ ಮೇಲಿನಕೇರಿಯ ಗ್ರಾಮಸಭೆಯನ್ನು ಡಿಸೆಂಬರ್ ಮೊದಲ ಭಾನುವಾರ, ಕೊಯ್ಲಿಲ್ಲದ ದಿನ ನೋಡಿ, ಅಲ್ಲಿನ ಶಾಲೆಯಲ್ಲಿ ಕರೆದಿದ್ದೇನೆ. ಮನೆಗೊಬ್ಬರು ಸಾಲದು, ವಯಸ್ಕರೆಲ್ಲರೂ ಬರಬೇಕು. ಕಾಲುಸಂಕ ಮತ್ತು ಒರತೆಯ ಪೈಪ್‌ಲೈನಿನ ನಿರ್ಣಯ ಮೊದಲು, ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು. ಆಮೇಲೆ ಹಕ್ಕಿನ ಅರ್ಜಿಗಳು. ಹಿಂದೆ ಅರ್ಜಿ ಕೊಟ್ಟವರು ಸ್ವೀಕೃತಿ ಚೀಟಿ ತನ್ನಿ. ಮುಳುಗಡೆಯ ಕಾಲದ ಪರಿಹಾರದ ಕಾಗದ, ಹಳೇ ಕಂದಾಯದ ರಶೀದಿ, ದಂಡ ಕಟ್ಟಿದ ಚೀಟಿ, ಮಕ್ಕಳ ಶಾಲಾ ದಾಖಲೆ ಏನಿದ್ದರೂ ಜೆರಾಕ್ಸ್ ಸಮೇತ ತನ್ನಿ, ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ. ನಡೆಯಲಾಗದ ಹಿರಿಯರಿದ್ದರೆ ಈಗಲೇ ಹೆಸರು ಹೇಳಿ. ಅವರ ಹೇಳಿಕೆ ಬರೆದುಕೊಳ್ಳಲು ಅರಣ್ಯ ಹಕ್ಕು ಸಮಿತಿಯವರೊಂದಿಗೆ ನಾನೇ ಮನೆಗೆ ಬರುತ್ತೇನೆ.